ಬೆಳಕಿನ ಚಿಕಿತ್ಸೆ: ಬೆಳಿಗ್ಗೆಯೇ, ಹತ್ತಿರದಿಂದಲೇ

ಪ್ರತಿ ಚಳಿಗಾಲದಲ್ಲಿ ಖಿನ್ನತೆಗೆ ಜಾರುವವರು ಬೆಳಕಿನ ಚಿಕಿತ್ಸೆಯ ದೀಪವನ್ನು ಸಂಜೆಗೆ ಇಟ್ಟುಕೊಳ್ಳದೆ, ಎದ್ದ ಒಂದು ಗಂಟೆಯೊಳಗೆ 30 ನಿಮಿಷ ಬಳಸಿ. ಬೆಳಕಿನ ಪ್ರಖರತೆಯ ಅಳತೆಯಲ್ಲಿ ದೀಪ 10,000 ಲಕ್ಸ್‌ನದ್ದಾಗಿರಲಿ, ನೇರಳಾತೀತ ಕಿರಣಗಳನ್ನು ತಡೆಯುವಂಥದ್ದಾಗಿರಲಿ. ಆದರೆ ಎಡವುವುದು ಸಾಮಾನ್ಯವಾಗಿ ಅಂತರದಲ್ಲಿ: ಪೆಟ್ಟಿಗೆಯ ಮೇಲೆ ಬರೆದ ಲಕ್ಸ್ ಒಂದು ನಿರ್ದಿಷ್ಟ ದೂರಕ್ಕೆ ಮಾತ್ರ ನಿಜ. ಅದು 30 ಸೆಂಟಿಮೀಟರ್ ಎಂದಿದ್ದರೆ, ಮೇಜಿನ ಆಚೆ ತುದಿಯಲ್ಲಿಟ್ಟ ದೀಪ ಬರೀ ಅಲಂಕಾರ. ಅಳತೆಪಟ್ಟಿ ಹಿಡಿದು ಒಮ್ಮೆ ಅಳೆದುಬಿಡಿ. ದೀಪವನ್ನು ದಿಟ್ಟಿಸಬೇಕಿಲ್ಲ, ಕಣ್ಣು ತೆರೆದಿದ್ದು ಬೆಳಕು ಓರೆಯಾಗಿ ಬಿದ್ದರೆ ಸಾಕು, ಓದುತ್ತಾ ಕೂರಬಹುದು. ಮುಂಜಾನೆಯ ಬೆಳಕು ನಿದ್ದೆ ತರಿಸುವ ಹಾರ್ಮೋನ್ ಆದ ಮೆಲಟೋನಿನ್ ಸ್ರಾವವನ್ನು ತಗ್ಗಿಸಿ, ಹಿಂದೆ ಬಿದ್ದ ದೇಹದ ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ. ಸಂಜೆಯ ಬೆಳಕು ಅದನ್ನೇ ಮತ್ತಷ್ಟು ಹಿಂದಕ್ಕೆಳೆದು ನಿದ್ದೆ ಕೆಡಿಸುತ್ತದೆ. ಒಂದೆರಡು ವಾರವಾದರೂ ಬಿಡದೆ ಮಾಡಬೇಕು. ಚಳಿಗಾಲದ ನಡುವೆ ನಿಲ್ಲಿಸಿದರೆ ಮಂಕು ಮರಳಬಹುದು. ಬೈಪೋಲಾರ್ ಕಾಯಿಲೆ (ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವುದು) ಅಥವಾ ಅಕ್ಷಿಪಟಲದ (ರೆಟಿನಾ) ತೊಂದರೆ ಇರುವವರು, ಬೆಳಕಿಗೆ ಸೂಕ್ಷ್ಮತೆ ಹೆಚ್ಚಿಸುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ. ಸಾಯುವ ಯೋಚನೆ ಬರುತ್ತಿದ್ದರೆ ದೀಪವನ್ನು ನೆಚ್ಚಿಕೊಂಡು ಕೂರದೆ ಇವತ್ತೇ ವೈದ್ಯರನ್ನು ಕಾಣಿ.