ಹೆಡ್ ಬಿಚ್ಚದೆ ಔಟ್‌ಬೋರ್ಡ್ ಕೂಲಿಂಗ್ ಬ್ಲಾಕ್ ಬಿಡಿಸಿದೆ

ನನ್ನ ಔಟ್‌ಬೋರ್ಡ್‌ನ (ದೋಣಿಯ ಹಿಂಬದಿಗೆ ಹಾಕುವ ಎಂಜಿನ್) ಒಳಗೆ ತಂಪು ಮಾಡುವ ನೀರಿನ ದಾರಿ ಕಟ್ಟಿಕೊಂಡಿತ್ತು. ಹೆಡ್ (ಸಿಲಿಂಡರ್‌ಗಳ ಮುಚ್ಚಳ) ಬಿಚ್ಚದೆ ಇದು ಸರಿಹೋಗಲ್ಲ ಅಂತ ನೋಡಿದ ಮೆಕ್ಯಾನಿಕ್‌ಗಳೆಲ್ಲ ಹೇಳಿದ್ದರು. ನಾನು ಬಿಚ್ಚಲಿಲ್ಲ. ಈಗ ಫುಲ್ ಥ್ರಾಟಲ್‌ನಲ್ಲಿ ಎಷ್ಟು ಹೊತ್ತು ಓಡಿಸಿದರೂ ಎಂಜಿನ್ ಕಾದಾಗ ಕೂಗುವ ಅಲಾರಂ ಬಾಯಿ ಬಿಡುತ್ತಿಲ್ಲ.

ಎರಡು ಸಿಲಿಂಡರಿನ ಹಳೆಯ ಟೂ ಸ್ಟ್ರೋಕ್, ಉಪ್ಪು ನೀರಿನಲ್ಲೇ ದುಡಿದದ್ದು. ಐಡಲ್‌ನಲ್ಲಿ ತಣ್ಣಗಿರುತ್ತದೆ. ಥ್ರಾಟಲ್ ಪೂರ್ತಿ ಕೊಟ್ಟು ಐದಾರು ನಿಮಿಷವಾದರೆ ಅಲಾರಂ. ಟೆಲ್‌ಟೇಲ್‌ನಲ್ಲಿ (ನೀರು ಓಡುತ್ತಿದೆ ಅಂತ ತೋರಿಸಲು ಎಂಜಿನ್ ಹೊರಗೆ ಇರುವ ಪುಟ್ಟ ತೂತು) ನೀರು ಮಾತ್ರ ಜೋರಾಗಿ ಚಿಮ್ಮುತ್ತದೆ. ಎಲ್ಲರೂ ಎಡವುವುದು ಇಲ್ಲೇ. ನನ್ನ ಎಂಜಿನ್‌ನಲ್ಲಿ ಟೆಲ್‌ಟೇಲ್‌ಗೆ ಹೋಗುವ ನೀರು ಹೆಡ್ ಮುಟ್ಟುವ ಮೊದಲೇ ಕವಲೊಡೆಯುತ್ತದೆ. ಅದು ಚಿಮ್ಮಿದರೆ ಪಂಪ್ ಬದುಕಿದೆ ಅಂತ ಅರ್ಥ, ಅಷ್ಟೇ.

ಆದರೂ ಮೊದಲು ದುಡ್ಡು ಸುರಿದದ್ದು ಪಂಪ್‌ಗೇ. ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ರೆಕ್ಕೆಗಳ ಚಕ್ರ), ವೇರ್ ಪ್ಲೇಟ್, ಹೌಸಿಂಗ್, ಪೂರ್ತಿ ಕಿಟ್. ಹಳೆಯ ಇಂಪೆಲ್ಲರ್‌ನ ಒಂದು ರೆಕ್ಕೆಯ ತುದಿ ಇರಲಿಲ್ಲ. ಹರಿದ ರಬ್ಬರ್ ಎಲ್ಲಿ ಹೋಯಿತು ಅಂತ ಹುಡುಕಲೇಬೇಕು. ವಾಟರ್ ಟ್ಯೂಬಿಗೆ ಮೇಲಿನಿಂದ ತಂತಿ ಇಳಿಸಿದಾಗ ಉಗುರಿನಷ್ಟು ಚೂರು ಬಿತ್ತು. ರೆಕ್ಕೆಗೆ ಜೋಡಿಸಿ ನೋಡಿದೆ, ಮೂಲೆಯಲ್ಲಿ ಇನ್ನೂ ಒಂದು ತುಣುಕು ಕಡಿಮೆ. ಅದು ಸಿಕ್ಕಿದ್ದು ಬಹಳ ಆಮೇಲೆ. ಪಂಪ್ ಆದ ಮೇಲೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ತೆರೆದು ನೀರು ಬಿಡುವ ವಾಲ್ವ್), ಪಾಪೆಟ್ ವಾಲ್ವಿನ (ವೇಗ ಹೆಚ್ಚಿದಾಗ ನೀರಿನ ಒತ್ತಡಕ್ಕೆ ತೆರೆಯುವಂಥದ್ದು) ಸ್ಪ್ರಿಂಗ್. ಥರ್ಮೋಸ್ಟಾಟ್ ತೆಗೆದೇ ಓಡಿಸಿದರೂ ಅಲಾರಂ ಬಂತು. ಅಲ್ಲಿಗೆ ಅದರ ತಪ್ಪಿಲ್ಲ ಅಂತಾಯಿತು.

ಹೆಡ್ ಮತ್ತು ಎಕ್ಸಾಸ್ಟ್ ಕವರ್ ಬಿಚ್ಚಲು ಕೇಳಿದ ಕೂಲಿ ಈ ಎಂಜಿನ್ ಮಾರಿದರೆ ಬರುವ ದುಡ್ಡಿನ ಅರ್ಧದಷ್ಟಿತ್ತು. ಬೋಲ್ಟ್ ಮುರಿದರೆ ಅದರ ಖರ್ಚು ಬೇರೆ. ಉಪ್ಪು ಹಿಡಿದ ಬೋಲ್ಟ್ ಮುರಿಯದೆ ಬರುತ್ತಾ?

ನನಗೆ ದಾರಿ ತೋರಿಸಿದ್ದು ಇನ್ಫ್ರಾರೆಡ್ ಥರ್ಮಾಮೀಟರ್. ಜೋರಾಗಿ ಓಡಿಸಿ, ನಿಧಾನ ಮಾಡಿದ ಕೂಡಲೇ ಎರಡೂ ಸಿಲಿಂಡರ್‌ಗಳ ಸ್ಪಾರ್ಕ್ ಪ್ಲಗ್ ಪಕ್ಕ ಹಿಡಿದೆ. ಕೆಳಗಿನದು 60 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಮೇಲಿನದು 90 ದಾಟಿತ್ತು. ಅಂಗೈ ಅಗಲದ ಅಂತರದಲ್ಲಿ ಇಷ್ಟು ವ್ಯತ್ಯಾಸ! ಪಂಪ್ ದುರ್ಬಲವಾಗಿದ್ದರೆ ಎರಡೂ ಬಿಸಿಯಾಗಬೇಕಿತ್ತು, ಅಲ್ವಾ? ಅಂದರೆ ಬ್ಲಾಕ್ ಇರುವುದು ಮೇಲಿನ ಸಿಲಿಂಡರ್ ಹತ್ತಿರ. ಥರ್ಮಾಮೀಟರನ್ನು ಬಣ್ಣ ಇರುವ ಜಾಗಕ್ಕೇ ಹಿಡಿಯಿರಿ. ಹೊಳೆಯುವ ಬರಿ ಅಲ್ಯೂಮಿನಿಯಂ ಸುಳ್ಳು ಲೆಕ್ಕ ಕೊಡುತ್ತದೆ.

ಥರ್ಮೋಸ್ಟಾಟ್ ಹೌಸಿಂಗ್‌ನಿಂದ ಕೆರೆದ ಬೂದು ಹಕ್ಕಳೆಯನ್ನು ಬೇರೆ ಬೇರೆ ಲೋಟಗಳಲ್ಲಿ ಹಾಕಿಟ್ಟೆ. ಬಿಸಿ ನೀರಿನಲ್ಲಿ ಸ್ವಲ್ಪ ಕರಗಿ ಉಳಿದದ್ದು ಹಾಗೇ ಕೂತಿತು. ವಿನೆಗರ್‌ನಲ್ಲಿ ನೊರೆ ಎದ್ದು ಮೆತ್ತಗಾಯಿತು. ಟಾಯ್ಲೆಟ್ ಆಸಿಡ್ ಹಾಕು, ಬೇಗ ಆಗುತ್ತೆ ಅಂದವರೂ ಇದ್ದರು. ಗುಜರಿಗೆ ಇಟ್ಟಿದ್ದ ಕವರ್ ಮೇಲೆ ಸುಮ್ನೆ ಎರಡು ಹನಿ ಬಿಟ್ಟು ನೋಡಿದೆ. ಅಲ್ಯೂಮಿನಿಯಂ ತಾನೇ ಕುದಿದು ಕಪ್ಪಾಯಿತು. ಅದರ ಸಹವಾಸ ಬೇಡ.

ಕೆಲಸಕ್ಕೆ ಬೇಕಾದದ್ದು ದೊಡ್ಡ ಬಕೆಟ್, 12 ವೋಲ್ಟಿನ ಪುಟ್ಟ ಬಿಲ್ಜ್ ಪಂಪ್ (ದೋಣಿಯೊಳಗೆ ಸೇರಿದ ನೀರು ಹೊರಹಾಕುವಂಥದ್ದು), ಹೋಸ್. ಲೋವರ್ ಯೂನಿಟ್ (ಪ್ರೊಪೆಲ್ಲರ್ ಇರುವ ಕೆಳಭಾಗ) ಇಳಿಸಿ, ಥರ್ಮೋಸ್ಟಾಟ್ ತೆಗೆದ ಬಾಯಿಯಿಂದ ಉಲ್ಟಾ ಹರಿಸಬೇಕು. ಕೆಳಗೆ ಬಂದದ್ದು ಬಟ್ಟೆಯಲ್ಲಿ ಸೋಸಿ ಮತ್ತೆ ಬಕೆಟ್‌ಗೆ. ಟೆಲ್‌ಟೇಲ್ ಹೋಸ್ ಮುಚ್ಚಲೇಬೇಕು. ಇಲ್ಲದಿದ್ದರೆ ದ್ರವ ಸುಲಭದ ದಾರಿ ಹಿಡಿದು ಹೋಗುತ್ತದೆ. ಮೊದಲು ಬರೀ ಉಗುರುಬೆಚ್ಚಗಿನ ಸಿಹಿನೀರು, ಉಪ್ಪಿನ ಭಾಗ ಅದರಲ್ಲೇ ಹೋಗಲಿ. ಆಮೇಲೆ ವಿನೆಗರ್, ಸಮಸಮ ನೀರು ಬೆರೆಸಿ. ಪ್ಲಗ್ ಬಿಚ್ಚಿಟ್ಟಿರಿ. ಸಿಲಿಂಡರ್‌ಗೆ ತೇವ ಇಳಿದರೆ ಗ್ಯಾಸ್ಕೆಟ್ ಹೋಗಿದೆ ಅಂತ ಅರ್ಥ, ಆಗ ಹೆಡ್ ಬಿಚ್ಚದೆ ಗತಿಯಿಲ್ಲ.

ಮೊದಲ ಸಂಜೆ ಏನೂ ಆಗಲಿಲ್ಲ. ಪೆನ್ಸಿಲ್ ದಪ್ಪದ ಧಾರೆ, ಅಷ್ಟೇ. ನೋಡಲು ಬಂದವರು ಉಪ್ಪಿನಕಾಯಿ ಹಾಕ್ತಿದ್ದೀಯಾ ಅಂತ ನಕ್ಕರು. ಮರುದಿನ ದಿಕ್ಕು ಬದಲಿಸುತ್ತಾ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹರಿಸಿದೆ. ಮೇಲಿನ ಸಿಲಿಂಡರಿನ ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡು ವಿನೆಗರ್ ಅಲ್ಲಿಗೆ ತಲುಪುತ್ತಿರಲಿಲ್ಲ. ಅದನ್ನು ಹೇಗೆ ಬಿಡಿಸಿದೆ ಅಂತ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಸಂಜೆಯ ಹೊತ್ತಿಗೆ ಕೆಸರಿನಂಥ ಬೂದು ಮುದ್ದೆ ಬಟ್ಟೆ ಮೇಲೆ ಬಿತ್ತು. ಬೆರಳಲ್ಲಿ ಹಿಸುಕಿದರೆ ಮರಳು ಮರಳು. ಒಳಗೆ ಆ ಕಪ್ಪು ರಬ್ಬರ್ ತುಣುಕು! ಅದರ ಸುತ್ತಲೇ ಎಲ್ಲ ಗಟ್ಟಿಕಟ್ಟಿತ್ತು. ಧಾರೆ ಹೆಬ್ಬೆರಳಿನಷ್ಟು ದಪ್ಪವಾಯಿತು.

ಹೊಸ ವಿನೆಗರ್ ಹಾಕಿ ನೊರೆ ನಿಲ್ಲುವವರೆಗೆ ಹರಿಸಿದೆ. ರಾತ್ರಿಯಿಡೀ ಒಳಗೆ ಬಿಡಬೇಡಿ. ಸಿಹಿನೀರಿನಲ್ಲಿ ಒಂದು ಗಂಟೆಯಾದರೂ ತೊಳೆಯಿರಿ. ಒಳಗಿನ ಆನೋಡ್ (ಎಂಜಿನ್ ಬದಲು ತಾನು ತುಕ್ಕು ತಿನ್ನುವ ಲೋಹದ ತುಂಡು) ಸವೆದು ಬಿಲ್ಲೆಯಷ್ಟಾಗಿತ್ತು, ಅದನ್ನೂ ಬದಲಿಸಿದೆ. ವಿನೆಗರ್‌ಗೆ ಆದ ಖರ್ಚು ಒಂದು ಇಂಪೆಲ್ಲರ್ ಕಿಟ್‌ಗಿಂತ ಕಡಿಮೆ.

ಈಗ ಅದೇ ವೇಗದಲ್ಲಿ ಮೇಲಿನ ಸಿಲಿಂಡರ್ 65ರ ಹತ್ತಿರ, ಕೆಳಗಿನದಕ್ಕಿಂತ ಮೂರ್ನಾಲ್ಕು ಡಿಗ್ರಿ ಜಾಸ್ತಿ ಅಷ್ಟೇ. ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ಓಡಿಸುವಾಗ ಹೆಡ್ ಬಿಸಿಯಾಗಿ ಥರ್ಮೋಸ್ಟಾಟ್ ತೆರೆಯುವವರೆಗೂ ಕಾಯುತ್ತೇನೆ. ಎರಡು ನಿಮಿಷ ಓಡಿಸಿ ನಿಲ್ಲಿಸಿದರೆ ಹೆಡ್‌ನಲ್ಲಿರುವ ಉಪ್ಪು ನೀರು ಅಲ್ಲೇ ಉಳಿಯುತ್ತದೆ.