ಹಳೆ ಫೋನ್ ಕೊಳ್ಳುವ ಮುಂಚೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಬಂದಿಳಿದ ಎರಡನೇ ವಾರಕ್ಕೆ ಎಲ್ಲರ ಮನೆಯಲ್ಲೂ ಇದೇ ಮಾತು. ಒಬ್ಬರಿಗೆ ಆಫೀಸಿನ ಫೋನ್ ಇರುತ್ತದೆ, ಇನ್ನೊಬ್ಬರಿಗೆ ಬೇಕು, ಸ್ಕೂಲಿಗೆ ಹೋಗುವ ಮಗನಿಗೂ ಬೇಕು. 'ಫ್ರೀ ಫೋನ್' ಅಂತ ಬೋರ್ಡು ನೋಡಿ ಒಳಗೆ ಹೋದರೆ ಕ್ರೆಡಿಟ್ ಹಿಸ್ಟರಿ (ಸಾಲ ತಗೊಂಡು ತೀರಿಸಿದ ದಾಖಲೆ) ಕೇಳುತ್ತಾರೆ. ಹದಿನೈದು ದಿನದ ಹಿಂದೆ ಬಂದವರಿಗೆ ಹಿಸ್ಟರಿ ಎಲ್ಲಿಂದ ಬರಬೇಕು? ಹಾಗಾಗಿ ಮೊದಲ ವರ್ಷ ಆನ್‌ಲೈನಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವುದೇ ಒಳ್ಳೆಯದು. ನಾಚಿಕೊಳ್ಳುವ ವಿಷಯವೇನಲ್ಲ. ನಮ್ಮ ಕನ್ನಡ ಸಂಘದ ಅರ್ಧ ಕಮಿಟಿ ಹಳೆ ಫೋನಿನಲ್ಲೇ ರಾಜ್ಯೋತ್ಸವದ ವಿಡಿಯೋ ತೆಗೆಯುತ್ತದೆ.

ಎಸ್.ಪಿ. ರೋಡ್ ಲೆಕ್ಕ ಇಲ್ಲಿ ನಡೆಯಲ್ಲ

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಾದರೆ ಫೋನ್ ಕೈಗೆ ತಗೊಂಡು, ನಮ್ಮ ಸಿಮ್ ಹಾಕಿ, ತಮ್ಮನಿಗೆ ಒಂದು ಕಾಲ್ ಮಾಡಿ, ಆಮೇಲೆ ಚೌಕಾಸಿ. ಕೈಕೊಟ್ಟರೆ ಮಾರನೇ ದಿನ ಹೋಗಿ ಜಗಳ. ಇಲ್ಲಿ ಸಿಗುವುದು ಫೋಟೋ ಮಾತ್ರ. ಜಗಳದ ಬದಲು ವಾಪಸಾತಿ ನಿಯಮ ಇರುತ್ತದೆ, ಅದನ್ನು ಕೊಳ್ಳುವ ಮುಂಚೆ ಓದಬೇಕು.

ಎಲ್ಲಿ ಕೊಳ್ಳುವುದು:
- ಆಪಲ್‌ನವರದೇ ಸರ್ಟಿಫೈಡ್ ರಿಫರ್ಬಿಶ್ಡ್ (ಸರಿಮಾಡಿ ಮತ್ತೆ ಮಾರುವ ಹಳೆ ಫೋನ್): ಹೊಸ ಬ್ಯಾಟರಿ, 1 ವರ್ಷ ವಾರಂಟಿ. ಬೆಲೆ ಜಾಸ್ತಿ.
- ಅಮೆಜಾನ್ ರಿನ್ಯೂಡ್: ಸಾಮಾನ್ಯವಾಗಿ 90 ದಿನದ ಗ್ಯಾರಂಟಿ.
- ಬ್ಯಾಕ್ ಮಾರ್ಕೆಟ್ (ಹಳೆ ಫೋನ್ ಮಾರುವ ತಾಣ): 30 ದಿನದೊಳಗೆ ವಾಪಸ್, 1 ವರ್ಷ ವಾರಂಟಿ.
- ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್: ಗ್ಯಾರಂಟಿ ನಂಬಿಕೊಳ್ಳಬೇಡಿ. ನೋಡಿ, ಪರೀಕ್ಷಿಸಿ, ಆಮೇಲೆ ದುಡ್ಡು. ಪೊಲೀಸ್ ಸ್ಟೇಷನ್ ಮುಂದೆ ಭೇಟಿಯಾಗಿ.

'ಎಕ್ಸಲೆಂಟ್', 'ಗುಡ್' ಅನ್ನುವ ದರ್ಜೆ ಬಹುಪಾಲು ಮೈಮೇಲಿನ ಗೀರಿನ ಲೆಕ್ಕ. ಕವರ್ ಹಾಕುವವರಿಗೆ 'ಗುಡ್' ಸಾಕು.

ಐ.ಎಂ.ಇ.ಐ. (ಇದನ್ನು ಬಿಡದೆ ಓದಿ)

*#06# ಒತ್ತಿದರೆ 15 ಅಂಕಿಯ ನಂಬರ್ ಬರುತ್ತದೆ. ಫೋನಿನ ಗುರುತು ಅದೇ. ಕಳುವಾದ ಫೋನ್, ಕಂತು ಕಟ್ಟದ ಫೋನ್ ಇವುಗಳ ನಂಬರನ್ನು ನೆಟ್‌ವರ್ಕ್ ಕಂಪನಿಗಳು ಬ್ಲ್ಯಾಕ್‌ಲಿಸ್ಟ್‌ಗೆ ಹಾಕುತ್ತವೆ. ಆಮೇಲೆ ಅದು ಬರೀ ವೈಫೈನಲ್ಲಿ ಓಡುವ ಆಟಿಕೆ. ಮಾರುವವರ ಹತ್ತಿರ ನಂಬರ್ ಕೇಳಿ, 'ಸ್ಟೋಲನ್ ಫೋನ್ ಚೆಕರ್' ಅನ್ನುವ ತಾಣದಲ್ಲಿ ಹಾಕಿ ನೋಡಿ. ದುಡ್ಡಿಲ್ಲ, ಒಂದೇ ನಿಮಿಷದ ಕೆಲಸ. ನಂಬರ್ ಕೊಡಲ್ಲ ಅಂದರೆ ಬಿಟ್ಟುಬಿಡಿ.

ಇಷ್ಟು ಮಾಡಿಯೂ ನಾನು ಮೋಸಹೋದೆ. ಆವತ್ತು ನೋಡಿದಾಗ ನಂಬರ್ ಸರಿಯಾಗಿತ್ತು. ಮೂರನೇ ವಾರ ನಡು ಮಳೆಯಲ್ಲಿ, ಬಸ್ ಸ್ಟಾಪಿನಲ್ಲಿ, ಸಿಗ್ನಲ್ಲೇ ಹೋಯಿತು. ಸಿಮ್ ಸರಿ ಇಲ್ಲ ಅಂದುಕೊಂಡು ಮೂರು ಸಲ ಬದಲಾಯಿಸಿದೆ. ವಿಷಯ ಏನೆಂದರೆ, ಮಾರಿದವನು ಆ ಫೋನನ್ನು ಕಂತಿನ ಮೇಲೆ ತಗೊಂಡಿದ್ದ. ನನ್ನ ದುಡ್ಡು ಕೈಗೆ ಬಂದಮೇಲೆ ಕಂತು ಕಟ್ಟುವುದನ್ನು ನಿಲ್ಲಿಸಿದ. ಇಲ್ಲಿ 24, 36 ತಿಂಗಳ ಕಂತು ಮಾಮೂಲಿ. ಹಾಗಾಗಿ ಅಂಗಡಿ ಬಿಟ್ಟು ಯಾರೋ ಒಬ್ಬರಿಂದ ಕೊಳ್ಳುವಾಗ ಕಂತು ಪೂರ್ತಿ ತೀರಿದೆ ಅನ್ನುವುದಕ್ಕೆ ಪುರಾವೆ ಕೇಳಿ. ಅನುಮಾನಪಟ್ಟ ಹಾಗಾಗುತ್ತದೆ ಅಂತ ನಾನು ಕೇಳಲಿಲ್ಲ. ಆ ದಾಕ್ಷಿಣ್ಯಕ್ಕೆ 280 ಡಾಲರ್ ಹೋಯಿತು.

ಜ಼ೆಲ್‌ನಲ್ಲಿ (ಬ್ಯಾಂಕ್ ಖಾತೆಯಿಂದ ಖಾತೆಗೆ ಹಣ ಕಳಿಸುವ ಇಲ್ಲಿಯ ಸೇವೆ) ಕಳಿಸಿದ ಹಣ ಕೈಯಲ್ಲಿ ಕೊಟ್ಟ ನೋಟಿನ ಹಾಗೆ, ವಾಪಸ್ ಬರುವುದು ಕಷ್ಟ. ಪೇಪಾಲ್‌ನಲ್ಲೂ 'ಫ್ರೆಂಡ್ಸ್ ಅಂಡ್ ಫ್ಯಾಮಿಲಿ' ಅಂತ ಕಳಿಸಿದರೆ ಕೊಳ್ಳುವವರಿಗೆ ರಕ್ಷಣೆ ಇಲ್ಲ. "ಫೀಸ್ ಉಳಿಯುತ್ತೆ" ಅಂತ ಮಾರುವವನು ಹೇಳಿದರೆ ಒಪ್ಪಬೇಡಿ. ಅವನು ನಿಮ್ಮ ಭಾವಮೈದುನ ಅಲ್ಲ.

ಲಾಕ್ ಮತ್ತು ಸಿಮ್

'ಅನ್‌ಲಾಕ್ಡ್' ಅಂತ ಬರೆದಿದ್ದರೆ ಮಾತ್ರ ತಗೊಳ್ಳಿ. ಒಂದೇ ಕಂಪನಿಗೆ ಲಾಕ್ ಆದದ್ದು ಅಗ್ಗ ಅಂತ ಕೊಂಡು ಊರಿಗೆ ಹೋಗುವಾಗ ಅಪ್ಪನಿಗೆ ಕೊಟ್ಟರೆ ಅದರಲ್ಲಿ ಅಲ್ಲಿಯ ಸಿಮ್ ನಡೆಯಲ್ಲ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತ ಇರಬೇಕು.

ಇನ್ನೊಂದು. 2022ರಲ್ಲಿ ಬಂದ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್) ಮಾತ್ರ. ನಮ್ಮ ಬ್ಯಾಂಕಿನ ಓಟಿಪಿ ಬರುವುದು ಊರಿನ ಸಿಮ್‌ಗೆ ಅಲ್ವಾ? ಹೊರಡುವ ಮುಂಚೆಯೇ ಅದನ್ನು ಇ-ಸಿಮ್ ಮಾಡಿಸಿಕೊಂಡು ಬರಬೇಕಿತ್ತು. ಮಾಡಿಸಿಲ್ಲದವರು ಐಫೋನ್ 13 ನೋಡಿ, ಇಲ್ಲವೇ ಸಿಮ್ ಟ್ರೇ ಇರುವ ಆಂಡ್ರಾಯ್ಡ್.

ತೀರಾ ಹಳೆಯ ಫೋನ್ ಬೇಡ. ಇಲ್ಲಿಯ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ಮುಚ್ಚಿದವು, 3ಜಿ ಮಾತ್ರ ಹಿಡಿಯುವ ಫೋನ್ ಅವುಗಳಲ್ಲಿ ನಡೆಯಲ್ಲ.

ಪೆಟ್ಟಿಗೆ ಬಂದ ದಿನ

ರೀಸೆಟ್ ಮಾಡಿ ನೋಡಿ, ಹಳೇ ಯಜಮಾನನ ಪಾಸ್‌ವರ್ಡ್ ಕೇಳಿದರೆ ತಕ್ಷಣ ವಾಪಸ್. ಬ್ಯಾಟರಿ ಹೆಲ್ತ್ ಶೇ. 80ಕ್ಕಿಂತ ಕೆಳಗಿದ್ದರೆ ವಾಪಸ್. ಕಾಲ್, ಮೈಕ್, ಸ್ಪೀಕರ್, ಎರಡೂ ಕ್ಯಾಮೆರಾ, ಚಾರ್ಜಿಂಗ್ ನೋಡಿ. ಪೆಟ್ಟಿಗೆ ಬಿಸಾಡಬೇಡಿ.

ಒಂದು ಮನೆಯವರು ಆಷಾಢ ಅಂತ ಪೆಟ್ಟಿಗೆ ಬಿಚ್ಚದೆ ದೇವರ ಮುಂದೆ ಇಟ್ಟಿದ್ದರು. ಶ್ರಾವಣದಲ್ಲಿ ಬಿಚ್ಚಿದರೆ ಸ್ಪೀಕರ್ ಸತ್ತಿತ್ತು, 30 ದಿನ ದಾಟಿತ್ತು. ಭಕ್ತಿ ಇರಲಿ, ಆದರೆ ಅಮಾವಾಸ್ಯೆ ಬಂದರೂ ಮೊದಲು ಬಿಚ್ಚಿ ನೋಡಿ. ಕುಂಕುಮ ಆಮೇಲೆ ಹಚ್ಚಬಹುದು.

ಅನುಮಾನ ಇದ್ದರೆ ಸಂಘದ ವಾಟ್ಸಾಪ್ ಗುಂಪಿನಲ್ಲಿ ಕೇಳಿ. ದುಡ್ಡು ಕಳಿಸುವ ಮುಂಚೆ ಕೇಳಿ. ಕಳಿಸಿದ ಮೇಲೆ "ಇದು ಸರಿ ಇದೆಯಾ ಸಾರ್" ಅಂತ ರಾತ್ರಿ ಹನ್ನೊಂದಕ್ಕೆ ಫೋಟೋ ಹಾಕುವವರಿಗೆ ನಾವೇನು ಹೇಳೋಣ?