ಹಳೆ ಟೈಲ್ಸ್ ಕೀಳದೆ ಬಚ್ಚಲು ರಿಪೇರಿ: ನನ್ನ ಅನುಭವ

ಹಳೆ ಟೈಲ್ಸ್ ಮೇಲೆ ಹೊಸ ಟೈಲ್ಸ್ ಹಾಕಿದರೆ ಆರು ತಿಂಗಳಲ್ಲಿ ಎದ್ದು ಬರುತ್ತೆ ಅಂತ ನನಗೆ ಹೇಳದವರೇ ಇಲ್ಲ. ಒಂದೂವರೆ ವರ್ಷದ ಮೇಲಾಯಿತು. ಮನೆಮಂದಿಯೆಲ್ಲ ದಿನಾ ಬಳಸುವ ಬಚ್ಚಲು. ಮೊನ್ನೆ ನಾಣ್ಯ ಹಿಡಿದು ಮೂಲೆಮೂಲೆಯೂ ತಟ್ಟಿ ನೋಡಿದೆ, ಒಂದೇ ಒಂದು ಕಡೆ ಟೊಳ್ಳು ಸದ್ದು ಬರಲಿಲ್ಲ. ಆಚೆ ಗೋಡೆಯ ತೇವ ಒಣಗಿ ಪೇಂಟೂ ಆಗಿದೆ. ಅದಕ್ಕೇ ಈಗ ಬರೆಯುವ ಧೈರ್ಯ.

ಎಲ್ಲಕ್ಕೂ ಮೂಲ ಆ ತೇವ. ಬಚ್ಚಲಿನ ಹಿಂದಿನ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಪೇಂಟ್ ಉಬ್ಬಿ, ಬಿಳಿ ಉಪ್ಪು ಉದುರುತ್ತಿತ್ತು. ಬಂದ ಪ್ಲಂಬರ್‌ಗಳದ್ದು ಒಂದೇ ಮಾತು: ಗೋಡೆ ಒಡೀಬೇಕು, ಪೈಪ್ ಬದಲಾಯಿಸಬೇಕು. ಗಾರೆ ಮೇಸ್ತ್ರಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ: "ನೆಲ ಪೂರ್ತಿ ಕಿತ್ತುಬಿಡಿ ಸಾರ್, ತೇಪೆ ಕೆಲಸ ನಾನು ಮಾಡಲ್ಲ." ಅವರು ಹೇಳಿದ ಮೊತ್ತಕ್ಕೆ ಇನ್ನೊಂದು ಬಚ್ಚಲನ್ನೇ ಕಟ್ಟಬಹುದಿತ್ತು. ನನಗೆ ಕೊನೆಗೆ ಖರ್ಚಾದದ್ದು ಅದರ ಮೂರನೇ ಒಂದು ಭಾಗ, ಅದರಲ್ಲೂ ಹತ್ತಿರಹತ್ತಿರ ಅರ್ಧ ನನ್ನ ಬಳಿಯೇ ಉಳಿದ ಸಲಕರಣೆಗಳಿಗೆ.

ಒಡೆಯುವ ಮೊದಲು ಪೈಪಿಗೆ ಪ್ರೆಷರ್ ಹಾಕಿ ನೋಡಲೇಬೇಕು. ಪೈಪಿಗೆ ನೀರು ಒತ್ತುವ, ಮುಳ್ಳಿನ ಮೀಟರ್ ಇರುವ ಕೈಪಂಪ್ ಬಾಡಿಗೆಗೆ ಸಿಗುತ್ತದೆ. ಮೇನ್ ವಾಲ್ವ್ ಮುಚ್ಚಿ, ಗೀಸರ್‌ನ ಎರಡು ಪಾಯಿಂಟ್‌ಗಳನ್ನು ಒಂದು ಕನೆಕ್ಷನ್ ಹೋಸ್‌ನಿಂದ ಸೇರಿಸಿಬಿಟ್ಟರೆ ಬಿಸಿ, ತಣ್ಣೀರು ಎರಡೂ ಲೈನು ಒಂದೇ ಸಲ ಪರೀಕ್ಷೆಗೆ ಸಿಗುತ್ತವೆ. ಮೇಲಿನ ಟ್ಯಾಂಕ್ ಕೊಡುವ ಪ್ರೆಷರ್ ಅರ್ಧ ಬಾರ್ ಇದ್ದರೆ ಹೆಚ್ಚು (10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಲೆಕ್ಕ). ನಾನು ಏಳು ಬಾರ್ ಆಸುಪಾಸಿಗೆ ಏರಿಸಿ ರಾತ್ರಿ ಬಿಟ್ಟೆ. ಬೆಳಗ್ಗೆ ಮುಳ್ಳು ಚೂರು ಇಳಿದಿತ್ತು. ಇದನ್ನು ನೋಡಿಯೇ ಎಷ್ಟೋ ಜನ ಗೋಡೆ ಒಡೆಯುವುದು. ನೀರು ತಣ್ಣಗಾದರೆ ಮುಳ್ಳು ಇಳಿಯುವುದು ಸಹಜ; ಮಧ್ಯಾಹ್ನ ಬಿಸಿಲೇರಿದ ಮೇಲೆ ಅದೇ ಜಾಗಕ್ಕೆ ವಾಪಸ್ ಬಂತು. ಪೈಪ್ ಸರಿಯಾಗಿಯೇ ಇತ್ತು.

ಮುಂದಿನದು ನೆಲದ ಸರದಿ. ಬಚ್ಚಲ ನೀರು ಇಳಿದುಹೋಗುವ ನಹಾನಿ ಟ್ರ್ಯಾಪ್‌ನ ಬಾಯಿಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬಟ್ಟೆ ಗಟ್ಟಿಯಾಗಿ ತುರುಕಿ, ಎರಡಂಗುಲ ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿದೆ. ಒಂದು ದಿನ ಕಳೆದರೂ ನೀರು ಗುರುತಿನಲ್ಲೇ. ಬಟ್ಟೆ ತೆಗೆದು, ಬಣ್ಣ ಕಲಸಿದ ನೀರನ್ನು ಬಕೆಟ್‌ಗಟ್ಟಲೆ ಟ್ರ್ಯಾಪ್‌ಗೆ ಸುರಿದ ಮೇಲೆ ಆಚೆ ಗೋಡೆಯಲ್ಲಿ ಬಣ್ಣ ಕಾಣಿಸಿಕೊಂಡಿತು. ಸೋರುತ್ತಿದ್ದದ್ದು ಟ್ರ್ಯಾಪಿನಿಂದ ಕೆಳಗೆ. ಅದಕ್ಕಾಗಿ ಇಡೀ ನೆಲ ಕೀಳಬೇಕಾಗಿರಲಿಲ್ಲ, ಸುತ್ತ ಒಂದೂವರೆ ಅಡಿ ಸಾಕಿತ್ತು.

ಆ ಒಂದೂವರೆ ಅಡಿಯೂ ಬೇಡವೆಂದು ಅಡ್ಡದಾರಿ ಹಿಡಿದು ನೋಡಿದ್ದೂ ಉಂಟು. ಜಾಲರಿ ತೆಗೆದು ಅಂಚಿಗೆ ವೈಟ್ ಸಿಮೆಂಟ್ ತುಂಬಿದೆ. ವಾರದಲ್ಲಿ ಕೂದಲೆಳೆಯಷ್ಟು ಬಿರುಕು ಬಂತು. ಎಪಾಕ್ಸಿ ಪುಟ್ಟಿ ಮೆತ್ತಿದೆ. ಒದ್ದೆ ಪಿವಿಸಿ ಮೇಲೆ ಅದು ಕೂರಲೇ ಇಲ್ಲ, ಉಗುರಿನಲ್ಲಿ ಎತ್ತಿದರೆ ಉಂಗುರದ ಹಾಗೆ ಇಡಿಯಾಗಿ ಕೈಗೆ ಬಂತು. ಆ ದುಡ್ಡೆಲ್ಲ ನೀರಿಗೆ ಹಾಕಿದ ಹಾಗೆಯೇ. ಕೊನೆಗೆ ಗ್ರೈಂಡರ್‌ನಲ್ಲಿ ಚೌಕ ಕೊಯ್ದು, ಉಳಿ ಸುತ್ತಿಗೆಯಿಂದ ಬಿಡಿಸಿದೆ. ಟ್ರ್ಯಾಪ್ ಹೊರಗೆ ಬಂದಾಗ ಎಲ್ಲ ಗೊತ್ತಾಯಿತು. ಅದರ ಕೊಳವೆ ಪೈಪಿನೊಳಗೆ ಅರ್ಧ ಅಂಗುಲವಷ್ಟೇ ಹೋಗಿತ್ತು. ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಪೈಪಿನ ಅಂಟು) ಒಂದು ಮಗ್ಗುಲಿಗೆ ಮಾತ್ರ ಬಳಿದ ಗೆರೆ ಹಾಗೇ ಒಣಗಿತ್ತು. ಉಳಿದ ಮಗ್ಗುಲಲ್ಲಿ ಕಪ್ಪು ಪಾಚಿ, ಅದರೊಳಗೆ ಸೋಪಿನ ಜಿಡ್ಡು. ಕಟ್ಟಿದ ದಿನದಿಂದಲೇ ಸೋರುತ್ತಿದ್ದಿರಬೇಕು.

ಹೊಸ ಟ್ರ್ಯಾಪ್ ಕೂರಿಸಲು ಹಳೆ ಪೈಪ್ ಅಲ್ಲಾಡುವುದಿಲ್ಲವಲ್ಲ, ಎರಡನ್ನೂ ಕೂಡಿಸಲು ರಬ್ಬರ್ ರಿಂಗ್ ಇರುವ ರಿಪೇರಿ ಕಪ್ಲರ್ ಬಳಸಿದೆ. ಅದನ್ನು ಪೂರ್ತಿ ಒಂದು ಕಡೆಗೆ ಸರಿಸಿ, ಟ್ರ್ಯಾಪ್ ಇಟ್ಟು, ವಾಪಸ್ ಎಳೆದರಾಯಿತು. ಇಲ್ಲಿ ಒಂದು ಮಾತು. ನುಣುಪಾದ ಪಿವಿಸಿಗೆ ಗಾರೆ ಹಿಡಿಯುವುದಿಲ್ಲ, ಸುತ್ತ ಸಣ್ಣ ಸಂದಿ ಉಳಿದೇ ಉಳಿಯುತ್ತದೆ. ಟ್ರ್ಯಾಪಿನ ಹೊರಮೈಗೆ ಸಾಲ್ವೆಂಟ್ ಸಿಮೆಂಟ್ ಬಳಿದು, ಹಸಿ ಇರುವಾಗಲೇ ಒಣ ಮರಳು ಎರಚಿ ಒಣಗಲು ಬಿಡಿ. ಉಪ್ಪುಕಾಗದದಂತಾದ ಆ ಮೈಗೆ ಗಾರೆ ಕಚ್ಚಿಕೊಳ್ಳುತ್ತದೆ. ಗಾರೆಗೆ ನಾನು ಏನು ಬೆರೆಸಿದೆ, ಎಷ್ಟು ಬೆರೆಸಿದೆ ಅನ್ನುವುದು ನನ್ನಲ್ಲೇ ಇರಲಿ. ಎರಡು ಬಾಟಲಿ ಹಾಳು ಮಾಡಿ ಕಲಿತದ್ದು ಅದು.

ಚೌಕ ಮುಚ್ಚಿದ ಮೇಲೆ ಮೂರು ವಾರವಾದರೂ ಒಣಗಲು ಬಿಟ್ಟಿದ್ದೆ. ಒಳಗೆ ತೇವ ಇರುವಾಗಲೇ ಮೇಲೆ ಮುಚ್ಚಿದರೆ ಅದು ಗೋಡೆ ಹತ್ತುತ್ತದೆ. ಮನೆಯಲ್ಲಿ ಗೊಣಗಾಟ ಬಹಳವಾಯಿತು, ನಾನು ಜಗ್ಗಲಿಲ್ಲ.

ಸೋರಿಕೆ ನಿಂತ ಮೇಲೂ ಟೈಲ್ಸ್ ಯಾಕೆ ಅಂದರೆ, ಮೊದಲಿಂದಲೂ ನೆಲದ ವಾಟ, ಅಂದರೆ ನೀರು ಹರಿಯುವ ಇಳಿಜಾರು, ಉಲ್ಟಾ. ಸ್ನಾನ ಮಾಡಿದ ನೀರು ಬಾಗಿಲ ಹತ್ತಿರದ ಮೂಲೆಯಲ್ಲೇ ನಿಲ್ಲುತ್ತಿತ್ತು. ಹಳೆ ಟೈಲ್ಸ್ ಗಟ್ಟಿಯಾಗಿದ್ದವು, ಟೊಳ್ಳಾಗಿದ್ದ ನಾಲ್ಕೈದು ಮಾತ್ರ ಕಿತ್ತು ಗಾರೆ ತುಂಬಿದೆ. ಕೀಳದೆ ಹಾಕುವ ನಿರ್ಧಾರಕ್ಕೆ ಮುಂಚೆ ಹಿತ್ತಲಲ್ಲಿ ಒಂದು ಚಿಕ್ಕ ಪರೀಕ್ಷೆ ನಡೆಸಿದೆ. ಹಳೆ ಟೈಲ್ಸ್ ಮೂರು ತುಂಡು ತೆಗೆದುಕೊಂಡು, ಒಂದರ ಹೊಳಪನ್ನು ಗ್ರೈಂಡರ್‌ನಿಂದ ಉಜ್ಜಿದೆ, ಒಂದಕ್ಕೆ ಅಂಟು ಹಿಡಿಯಲೆಂದು ಮೊದಲು ಬಳಿಯುವ, ಮರಳು ಇರುವ ಪ್ರೈಮರ್ ಬಳಿದೆ, ಇನ್ನೊಂದನ್ನು ಸುಮ್ಮನೆ ತೊಳೆದೆ. ಮೂರರ ಮೇಲೂ ಒಂದೇ ಅಡ್ಹೆಸಿವ್ (ಟೈಲ್ಸ್ ಅಂಟು) ಹಾಕಿ ಟೈಲ್ಸ್ ಅಂಟಿಸಿದೆ. ವಾರ ಕಳೆದ ಮೇಲೆ ಕೆಲವು ದಿನ ಬಕೆಟ್ ನೀರಲ್ಲಿ ಮುಳುಗಿಸಿ, ಉಳಿ ಹಾಕಿ ಎಬ್ಬಿಸಿದೆ. ಬರೀ ತೊಳೆದದ್ದು ಒಂದೇ ಏಟಿಗೆ ಅಡ್ಹೆಸಿವ್ ಸಮೇತ ಕಳಚಿತು. ಉಜ್ಜಿದ್ದು ಎದ್ದಿತು, ಆದರೆ ಹಟ ಮಾಡಿ. ಪ್ರೈಮರ್ ಬಳಿದದ್ದರಲ್ಲಿ ಟೈಲ್ಸೇ ಒಡೆಯಿತು, ಅಂಟು ಬಿಡಲಿಲ್ಲ. ನಾನು ನೆಲಕ್ಕೆ ಉಜ್ಜುವುದು, ಪ್ರೈಮರ್ ಎರಡನ್ನೂ ಮಾಡಿದೆ. ಈ ತುಂಡುಗಳನ್ನು ಮೇಸ್ತ್ರಿಗೂ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, "ಬಿಸಿಲಿಗೆ ಇಟ್ಟಿದ್ದಕ್ಕೆ ಹಿಡಿದಿದೆ" ಅಂದರು.

ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು ನೂರಕ್ಕೆ ಅರ್ಧ ಭಾಗವೂ ಇಲ್ಲ, ಸಿಮೆಂಟ್ ಹಾಲು ಅದಕ್ಕೆ ಕಚ್ಚುವುದಿಲ್ಲ. ಪಾಲಿಮರ್ ಇರುವ, ಟೈಲ್ಸ್ ಮೇಲೆ ಟೈಲ್ಸ್‌ಗೆ ಅಂತಲೇ ಬರುವ ಅಡ್ಹೆಸಿವ್ ಬೇಕು. ಅಗ್ಗದ ಚೀಲ ಒಂದು ಮೊದಲೇ ತಂದಿದ್ದೆ, ಅದು ಹೊರಗಿನ ಮೆಟ್ಟಿಲ ತೇಪೆಗೆ ಹೋಯಿತು. ವಾಟಕ್ಕೆ ಮೊದಲು ಪಾಲಿಮರ್ ಗಾರೆ ಎಳೆದೆ, ಮೀಟರಿಗೆ 12ರಿಂದ 15 ಮಿಲಿಮೀಟರ್ ಇಳಿಜಾರು. ಅಡ್ಹೆಸಿವನ್ನೇ ದಪ್ಪ ಹಾಕಿ ವಾಟ ಮಾಡಲು ಹೋದರೆ ಒಣಗುವಾಗ ಕುಗ್ಗಿ ಟೈಲ್ಸ್ ಅಂಚು ಮೇಲೆ ಕೆಳಗೆ ಆಗುತ್ತದೆ. ಮಟ್ಟಕ್ಕೆ ಲೇಸರ್ ತಂದಿದ್ದೆ, ಕೊನೆಗೆ ನೀರು ತುಂಬಿದ ಪಾರದರ್ಶಕ ಪೈಪೇ ನಂಬಿಕೆಗೆ ಬಂತು. ಚಿಕ್ಕ ಕೋಣೆಯಲ್ಲಿ ಲೇಸರ್ ದಂಡ ಖರ್ಚು ಅಂತ ನನ್ನ ಅಭಿಪ್ರಾಯ.

ಗೋಡೆಯ ಕೆಳಗಿನ ಸಾಲು ಟೈಲ್ಸ್ ಮಾತ್ರ ಕಿತ್ತು, ವಾಟರ್‌ಪ್ರೂಫ್ ಕೋಟಿಂಗನ್ನು ನೆಲದಿಂದ ಗೋಡೆಗೆ ಒಂದಡಿ ಹತ್ತಿಸಿದೆ. ಎರಡು ಕೋಟ್, ಒಂದು ಉದ್ದ, ಒಂದು ಅಡ್ಡ, ಮೂಲೆಗೆ ಫೈಬರ್ ಜಾಲರಿ. ಮತ್ತೆ ನೀರು ನಿಲ್ಲಿಸಿ ನೋಡಿದ ಮೇಲೆಯೇ ಟೈಲ್ಸ್. ಹಲ್ಲಿನ ಕರಣೆಯಿಂದ ನೆಲಕ್ಕೆ ಗೆರೆ ಎಳೆದು, ಟೈಲ್ಸ್ ಬೆನ್ನಿಗೂ ತೆಳ್ಳಗೆ ಸವರುವುದು ಕಡ್ಡಾಯ. ಆಗಾಗ ಒಂದನ್ನು ಎಬ್ಬಿಸಿ ಬೆನ್ನು ನೋಡಿ: ಗೆರೆಗೆರೆಯಾಗಿ ಖಾಲಿ ಕಂಡರೆ ಒತ್ತು ಸಾಲಲಿಲ್ಲ ಅಂತ ಅರ್ಥ. ಸೆಖೆಯ ದಿನ ಅಡ್ಹೆಸಿವ್ ಮೇಲೆ ಹತ್ತೇ ನಿಮಿಷಕ್ಕೆ ಕೆನೆ ಕಟ್ಟುತ್ತದೆ, ಬೆರಳಿಗೆ ಅಂಟದಿದ್ದರೆ ಕೆರೆದು ಎಸೆಯಿರಿ. ಗೋಡೆ ಅಂಚಿಗೆ ಗ್ರೌಟ್ (ಟೈಲ್ಸ್ ಸಂದಿಗೆ ತುಂಬುವ ಪುಟ್ಟಿ) ತುಂಬದೆ ಸಿಲಿಕೋನ್ ಬಿಟ್ಟೆ. ಎಪಾಕ್ಸಿ ಗ್ರೌಟ್ ಅರ್ಧ ಡಬ್ಬಿ ಕಲಸಿಟ್ಟಲ್ಲೇ ಕಲ್ಲಾಯಿತು. ಚೂರುಚೂರೇ ಕಲಸಬೇಕು, ಇಬ್ಬರಿದ್ದರೆ ಒಳ್ಳೆಯದು, ಒಬ್ಬರು ತುಂಬಲು, ಒಬ್ಬರು ಒರೆಸಲು. ಟೈಲ್ಸ್ ಮೇಲೆ ಉಳಿದ ಗ್ರೌಟ್ ಮಬ್ಬನ್ನು ತೆಗೆಯಲು ನಾನು ಬಳಸಿದ ದ್ರಾವಣದ ಗುಟ್ಟು ಇನ್ನೊಮ್ಮೆ.

ವಾಟದ ಗಾರೆ ಬಿಟ್ಟು ಏರಿದ ಎತ್ತರವೇ ಒಂದೂವರೆ ಸೆಂಟಿಮೀಟರ್‌ಗೆ ಬಂತು. ಬಾಗಿಲಿನ ಕೆಳಗೆ ಕೊಯ್ಯಬೇಕಾಯಿತು, ಜಾಲರಿಗೆ ಎತ್ತರದ ರಿಂಗ್ ಹಾಕಬೇಕಾಯಿತು. ಈ ಎರಡನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ನಲ್ಲಿಗಳ ವಿಷಯ ಬೇಗ ಮುಗಿಸುತ್ತೇನೆ. ಪ್ಲಾಸ್ಟಿಕ್ ಮರೆಗೆ (ತಿರುಪಿನ ಗೆರೆಗೆ) ಲೋಹದ ಆ್ಯಂಗಲ್ ವಾಲ್ವ್ ತಿರುಗಿಸಿದರೆ ಇವತ್ತಲ್ಲ ನಾಳೆ ಬಿರುಕು. ಒಳಗೆ ಹಿತ್ತಾಳೆ ಮರೆ ಇರುವ ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್) ಫಿಟ್ಟಿಂಗ್ ತಗೊಳ್ಳಿ. ಮರೆಗೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದಷ್ಟು ಒಳ್ಳೆಯದು ಅನ್ನುವುದು ಸುಳ್ಳು. ಅಂಟು ಬಳಿದು ಪೈಪ್ ಜಾಯಿಂಟ್ ಹಾಕುವಾಗ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಬಿಟ್ಟರೆ ಪೈಪ್ ಹಿಂದಕ್ಕೆ ಬರುತ್ತದೆ.

ಗೀಸರ್ ಮಾತ್ರ ಕಾಡಿತು. 15 ಲೀಟರ್ ಗೀಸರ್ ನೀರು ತುಂಬಿದರೆ 25 ಕಿಲೋದ ಆಜುಬಾಜು. ಗೋಡೆ ಹಾಲೋ ಬ್ಲಾಕಿನದು, ಮಾಮೂಲಿ ಪ್ಲಗ್ ಒಳಗೇ ಗಿರಗಿರ ತಿರುಗುತ್ತಿತ್ತು. ಕಡ್ಡಿ, ಸಿಮೆಂಟ್ ತುರುಕುವ ವಿದ್ಯೆ ಗೀಸರ್‌ಗೆ ಬೇಡವೇ ಬೇಡ. ರಂಧ್ರಕ್ಕೆ ಜಾಲರಿ ಕೊಳವೆ ಇಟ್ಟು ಕೆಮಿಕಲ್ ಆ್ಯಂಕರ್ (ಅಂಟಿನಲ್ಲಿ ಕೂರುವ ಬೋಲ್ಟ್) ಹಾಕಿದೆ. ಅಂಟು ಜಾಲರಿಯಿಂದ ಹೊರಬಂದು ಬ್ಲಾಕಿನ ಪೊಳ್ಳಿನಲ್ಲಿ ಗಡ್ಡೆ ಕಟ್ಟಿ ನಿಲ್ಲುತ್ತದೆ. ರಂಧ್ರದ ಪುಡಿಯನ್ನು ಬ್ರಷ್ ಹಾಕಿ ಊದಿ ತೆಗೆಯದಿದ್ದರೆ ಎಷ್ಟು ಬೆಲೆಯ ಆ್ಯಂಕರ್ ಆದರೂ ದಂಡ. ರಂಧ್ರ ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಆಫ್, ಮೇಲೆ ಮಾಸ್ಕಿಂಗ್ ಟೇಪ್, ಬಿಟ್‌ಗೆ ಒದ್ದೆ ಸ್ಪಂಜು. ಡೈಮಂಡ್ ಬಿಟ್ ಒಣದರಲ್ಲಿ ಓಡಿಸಿ ಒಂದು ಸುಟ್ಟುಕೊಂಡ ಮೇಲೆ ಸ್ಪಂಜು ಕೈಬಿಟ್ಟಿಲ್ಲ. ಆ್ಯಂಕರ್ ಒಣಗಿದ ಮೇಲೆ ಎರಡು ದಿನ ಬ್ರಾಕೆಟ್‌ಗೆ ಮರಳಿನ ಚೀಲ ನೇತು ಹಾಕಿದ್ದೆ. ಜಗ್ಗದೆ ನಿಂತ ಮೇಲೆ ಗೀಸರ್ ಏರಿಸಿದೆ. ಮುಂದೆ ಅಡುಗೆಮನೆ ಸಿಂಕಿನ ಕೆಳಗಿನ ಪೈಪು. ಆ ಕೈಪಂಪನ್ನು ಈ ಸಲ ಬಾಡಿಗೆಗೆ ತರದೆ ಕೊಂಡೇಬಿಟ್ಟಿದ್ದೇನೆ.